ಗಣಕಯಂತ್ರವೂ ರಕ್ತದೊತ್ತಡದ ಔಷಧಿಯೂ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯೆಂದೊಡನೆ ಹಲವರಿಗೆ ನೆನಪಾಗುವುದು ಪಾಳೆಯಗಾರರ ಕಾಲದ ಕೋಟೆ. ಈಚಿನವರಿಗಾದರೆ 2013ರಲ್ಲಿ ಅಲ್ಲಿ ಏರ್ಪಟ್ಟ ಕರಡಿಧಾಮ. ಕಳೆದ ಬೇಸಗೆಯಲ್ಲಿ ನಾವು ಅಲ್ಲಿಗೆ ಹೋದುದು ಕೋಟೆಯನ್ನಾಗಲಿ ಕರಡಿಯನ್ನಾಗಲಿ ನೋಡುವುದಕ್ಕಲ್ಲ. ನಮ್ಮಲ್ಲಿ ಭೌತಶಾಸ್ತ್ರವನ್ನೋದುವ ವಿದ್ಯಾರ್ಥಿಯೊಬ್ಬನ ಮನೆ ಆ ಊರಿನಲ್ಲಿದೆ. ಅವನ ಅಜ್ಜನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದೆಯೆಂದು ತಿಳಿದು, ಮಾತನಾಡಿಸಿಕೊಂಡು ಬರೋಣವೆಂದು ಹೋಗಿದ್ದೆವು.

ಮುದುಕರ ಕಥೆ ದೊಡ್ಡದೇನಲ್ಲ. ಕೆಲವು ವರ್ಷಗಳ ಹಿಂದೆ ಅವರಿಗೆ ರಕ್ತದ ಒತ್ತಡ ಹೆಚ್ಚಾಗಿದೆಯೆಂದು ವೈದ್ಯರು ದಿನಕ್ಕೊಂದು ಗುಳಿಗೆಯನ್ನು ಬರೆದುಕೊಟ್ಟಿದ್ದರು. ಒತ್ತಡ ಇಳಿಯಿತು. ಆದರೆ ಒಂದು ತಿಂಗಳೊಳಗಾಗಿ ಒಣಕೆಮ್ಮು ಹತ್ತಿಕೊಂಡಿತು. ಕಫವಿಲ್ಲ, ಜ್ವರವಿಲ್ಲ, ರಾತ್ರಿಯೆಲ್ಲ ಕೆಮ್ಮು. ಯಾರಿಗೂ ಹೇಳದೆ ಅವರು ಗುಳಿಗೆಯನ್ನು ನಿಲ್ಲಿಸಿಬಿಟ್ಟರು. ಕೆಲವೇ ವಾರಗಳಲ್ಲಿ ಕೆಮ್ಮು ಹೋಯಿತು. ಸಮಾಧಾನದಿಂದ ನುಗ್ಗೆಸೊಪ್ಪಿನ ಕಷಾಯವನ್ನು ಕುಡಿಯುತ್ತ ಇದ್ದರು. ಒಂದು ಮುಂಜಾನೆ ಚೊಂಬನ್ನೆತ್ತಲು ಹೋದಾಗ ಕೈ ಏಳಲಿಲ್ಲ.

ನಾವು ವಿಜ್ಞಾನ ಕಲಿಸುವವರೆಂದು ಮೊಮ್ಮಗ ಹೇಳಿದ್ದನೆಂದು ತೋರುತ್ತದೆ. ಮಂಚದ ಮೇಲಿಂದಲೇ ಕೇಳಿದರು: “ಅಲ್ರೀ ಮೇಷ್ಟ್ರೇ, ಒತ್ತಡ ಇದ್ದದ್ದು ರಕ್ತದಾಗ. ಆ ಗುಳಿಗಿ ಗಂಟಲಿಗೆ ಯಾಕ ಹೋತು?”

ಪ್ರಶ್ನೆ ಬಹಳ ಸಮಂಜಸವಾದುದು. ಔಷಧಿಗಳನ್ನು ಗಣಕಯಂತ್ರದ ಮೂಲಕ ಹುಡುಕುವ ಇಂದಿನ ವಿದ್ಯೆಯ ತಿರುಳೆಲ್ಲ ಈ ಪ್ರಶ್ನೆಯೊಳಗೇ ಇದೆಯೆಂದರೂ ತಪ್ಪಾಗದು. ಅವರಿಗೆ ಅಂದು ನಾವಿತ್ತ ಉತ್ತರವನ್ನು ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ರಕ್ತದೊತ್ತಡದ ಮಾತು. ತೋಳಿಗೆ ಪಟ್ಟಿ ಸುತ್ತಿ ವೈದ್ಯರು ಹೇಳುವ 120/80 ಎಂಬ ಅಂಕಿಗಳು ಪಾದರಸದ ಕಂಬದ ಎತ್ತರವನ್ನು ಮಿಲಿಮೀಟರುಗಳಲ್ಲಿ ಸೂಚಿಸುತ್ತವೆ. ಹೃದಯ ಸಂಕುಚಿಸಿದಾಗ ಮೊದಲನೆಯದು, ಸಡಿಲಿದಾಗ ಎರಡನೆಯದು. ಸಾಮಾನ್ಯವಾಗಿ 140/90ಕ್ಕೆ ಮೇಲ್ಪಟ್ಟು ನಿಂತರೆ ಅದನ್ನು ಅಧಿಕ ರಕ್ತದೊತ್ತಡವೆನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಈ ತೊಂದರೆಯಿದೆ. ನಳಿಗೆಯಲ್ಲಿ ಹರಿಯುವ ದ್ರವಕ್ಕೆ ಉಂಟಾಗುವ ತಡೆ, ನಳಿಗೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆಂಬುದನ್ನು ಕಾಲೇಜಿನ ಮೊದಲ ವರ್ಷದಲ್ಲಿಯೇ ಕಲಿಸುತ್ತೇವೆ. ರಕ್ತನಾಳದ ತ್ರಿಜ್ಯ ಹತ್ತರಲ್ಲಿ ಒಂದು ಪಾಲು ಕಿರಿದಾದರೆ ಸಾಕು, ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದುದರಿಂದ ರಕ್ತನಾಳವನ್ನು ಬಿಗಿಯುವ ವಸ್ತು ಯಾವುದು, ಅದನ್ನು ತಡೆಯುವುದು ಹೇಗೆ ಎಂಬುದೇ ವೈದ್ಯವಿಜ್ಞಾನಕ್ಕೆ ಮುಖ್ಯ ಪ್ರಶ್ನೆಯಾಯಿತು.

ಬಿಗಿಯುವ ಕೆಲಸದ ಸುಳಿವು ದೊರೆತುದು ಮೂತ್ರಪಿಂಡದಲ್ಲಿ. 1898ರಲ್ಲಿ ಸ್ವೀಡನ್ನಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಎಂಬವರು ಮೊಲದ ಮೂತ್ರಪಿಂಡದ ರಸವನ್ನು ಇನ್ನೊಂದು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಅದೊಂದು ಕಿಣ್ವ, ಎಂದರೆ ಒಂದು ಅಣುವನ್ನು ಕತ್ತರಿಸುವ ಇಲ್ಲವೆ ಕೂಡಿಸುವ ಕೆಲಸವನ್ನು ಮಾಡುವ ಪ್ರೋಟೀನು. ಯಕೃತ್ತಿನಿಂದ ಬರುವ ದೊಡ್ಡ ಪ್ರೋಟೀನೊಂದನ್ನು ರೆನಿನ್ ಕತ್ತರಿಸಿ ಹತ್ತು ಮಣಿಗಳ ಒಂದು ಚಿಕ್ಕ ಸರವನ್ನು ಬಿಡಿಸಿಕೊಳ್ಳುತ್ತದೆ. ಇಲ್ಲಿ ಮಣಿಯೆಂದರೆ ಅಮೈನೊ ಆಮ್ಲ. ಮತ್ತೊಂದು ಕಿಣ್ವ ಆ ಸರದ ತುದಿಯಿಂದ ಎರಡು ಮಣಿಗಳನ್ನು ಕತ್ತರಿಸುತ್ತದೆ. ಉಳಿದ ಎಂಟು ಮಣಿಗಳ ಸರಕ್ಕೆ ಆಂಜಿಯೊಟೆನ್ಸಿನ್-2 ಎಂದು ಹೆಸರು. ರಕ್ತನಾಳಗಳನ್ನು ಹಿಂಡುವ ವಸ್ತು ಇದೇ. ಎರಡನೆಯ ಕಿಣ್ವವನ್ನು ‘ಪರಿವರ್ತಕ ಕಿಣ್ವ’ವೆಂದು ಕರೆಯೋಣ. 1956ರಲ್ಲಿ ಸ್ಕೆಗ್ಸ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಗುರುತಿಸಿದರು.

ಈ ಪರಿವರ್ತಕ ಕಿಣ್ವಕ್ಕೆ ಇನ್ನೊಂದು ಉದ್ಯೋಗವೂ ಉಂಟು. ದೇಹದಲ್ಲಿ ಬ್ರ್ಯಾಡಿಕೈನಿನ್ ಎಂಬ ಬೇರೊಂದು ಚಿಕ್ಕ ಸರವಿದೆ. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅಷ್ಟೇ ಅಲ್ಲದೆ ಶ್ವಾಸನಾಳದಲ್ಲಿ ಹೆಚ್ಚಾದಾಗ ಅಲ್ಲಿಯ ನರಗಳನ್ನು ಕೆರಳಿಸುತ್ತದೆ. ಅದನ್ನು ಕಾಲಕಾಲಕ್ಕೆ ಕತ್ತರಿಸಿ ಹಾಕುವುದೂ ಇದೇ ಕಿಣ್ವದ ಕೆಲಸ. ಮುದುಕರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು. ಕತ್ತರಿಯ ಬಾಯನ್ನು ಗುಳಿಗೆ ಕಟ್ಟಿತು. ಅದರಿಂದ ರಕ್ತನಾಳವನ್ನು ಹಿಂಡುವ ಸರ ಹುಟ್ಟಲಿಲ್ಲ, ಒತ್ತಡ ಇಳಿಯಿತು. ಆದರೆ ಗಂಟಲನ್ನು ಕೆರಳಿಸುವ ಸರವೂ ಕತ್ತರಿಸಲ್ಪಡದೆ ಉಳಿದುಕೊಂಡಿತು. ಈ ವರ್ಗದ ಔಷಧಿ ಸೇವಿಸುವವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಈ ಕೆಮ್ಮು ಕಾಣಿಸಿಕೊಳ್ಳುತ್ತದೆ.

ಇನ್ನು ಆ ಗುಳಿಗೆಯ ಹುಟ್ಟನ್ನು ನೋಡೋಣ. ಬ್ರೆಝಿಲ್ ದೇಶದಲ್ಲಿ ಜರರಾಕ ಎಂಬ ಮಂಡಲದ ಜಾತಿಯ ಹಾವೊಂದಿದೆ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. 1965ರಲ್ಲಿ ಆ ದೇಶದ ಸೆರ್ಜಿಯೊ ಫೆರೇರಾ, ಆ ವಿಷದಲ್ಲಿ ಬ್ರ್ಯಾಡಿಕೈನಿನ್ನಿನ ಪ್ರಭಾವವನ್ನು ಹೆಚ್ಚಿಸುವ ಅಂಶವೊಂದಿದೆಯೆಂದು ತೋರಿಸಿದರು. ಮುಂದೆ ಅದನ್ನು ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಶಾಲೆಗೆ ಕೊಂಡೊಯ್ದರು. ಆ ಅಂಶ ಪರಿವರ್ತಕ ಕಿಣ್ವವನ್ನು ತಡೆಯುತ್ತದೆಂದು ಅಲ್ಲಿ ಗೊತ್ತಾಯಿತು. ಅಮೆರಿಕದ ಸ್ಕ್ವಿಬ್ ಸಂಸ್ಥೆಯ ಕುಶ್‌ಮನ್ ಮತ್ತು ಒಂಡೆಟ್ಟಿ ವಿಷದಿಂದ ಒಂಬತ್ತು ಮಣಿಗಳ ಸರವೊಂದನ್ನು ಬೇರ್ಪಡಿಸಿದರು. ಅದು ಒತ್ತಡವನ್ನು ಇಳಿಸುತ್ತಿತ್ತು, ನಿಜ. ಆದರೆ ಸೂಜಿಮದ್ದಿನ ರೂಪದಲ್ಲಿ ಮಾತ್ರ. ನುಂಗಿದರೆ ಜಠರ ಅದನ್ನು ಬೇಳೆಯಂತೆ ಜೀರ್ಣಿಸಿಬಿಡುತ್ತದೆ. ಬದುಕಿರುವವರೆಗೂ ದಿನದಿನವೂ ಚುಚ್ಚಿಸಿಕೊಳ್ಳಬೇಕಾದ ಮದ್ದು ಯಾರಿಗೆ ಬೇಕು? ನುಂಗತಕ್ಕ ಮದ್ದಿಗಾಗಿ ಸುಮಾರು ಎರಡು ಸಾವಿರ ರಾಸಾಯನಿಕಗಳನ್ನು ಒಂದಾದಮೇಲೊಂದರಂತೆ ಪರೀಕ್ಷಿಸಿದರು. ಫಲ ಶೂನ್ಯ.

1974ರಲ್ಲಿ ಅವರು ದಾರಿಯನ್ನು ಬದಲಿಸಿದರು. ಪರಿವರ್ತಕ ಕಿಣ್ವದ ಆಕಾರವನ್ನು ಆಗ ಯಾರೂ ಕಂಡಿರಲಿಲ್ಲ. ಆದರೆ ಅದರ ಕೆಲಸವನ್ನೇ ಹೋಲುವ ಕೆಲಸ ಮಾಡುವ, ಅದರಂತೆಯೇ ಸತುವಿನ ಒಂದು ಪರಮಾಣುವನ್ನು ಒಳಗಿಟ್ಟುಕೊಂಡಿರುವ ಜೀರ್ಣಕಿಣ್ವವೊಂದರ ಆಕಾರ ಕ್ಷಕಿರಣಗಳ ಸಹಾಯದಿಂದ 1960ರ ದಶಕದಲ್ಲಿಯೇ ತಿಳಿದಿತ್ತು. ಅದರ ಹೆಸರು ಕಾರ್ಬಾಕ್ಸಿಪೆಪ್ಟಿಡೇಸ್. ಕಾಣದ ಬೀಗವೂ ಕಂಡ ಬೀಗದಂತೆಯೇ ಇರಬಹುದೆಂದು ಊಹಿಸಿ ಅವರು ಕಾಗದದ ಮೇಲೆ ಒಂದು ಚಿತ್ರವನ್ನು ಬರೆದರು: ಇಲ್ಲಿ ಸತು, ಇಲ್ಲಿ ಧನವಿದ್ಯುತ್ತಿನ ಒಂದು ತಾಣ, ಇವೆರಡರ ನಡುವೆ ಇಷ್ಟು ದೂರ. ಆ ದೂರಕ್ಕೆ ಸರಿಯಾಗಿ ಅಣುಗಳನ್ನು ಕಟ್ಟತೊಡಗಿದರು. ಮೊದಲನೆಯ ಅಣು ದುರ್ಬಲವಾಗಿತ್ತು. ಸತುವನ್ನು ಹಿಡಿಯುವ ತುದಿಯಲ್ಲಿ ಆಮ್ಲದ ಗುಂಪನ್ನು ತೆಗೆದು ಗಂಧಕವನ್ನು ಇಟ್ಟರು. ಹಿಡಿತ ಒಮ್ಮೆಲೇ ಸಾವಿರ ಪಟ್ಟು ಬಲವಾಯಿತು! 1975ರಲ್ಲಿ ಹೀಗೆ ಸಿದ್ಧವಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದ ವೈದ್ಯರ ಕೈಗೆ ಬಂತು. ಕುರುಡು ಹುಡುಕಾಟದಲ್ಲಿ ಎರಡು ಸಾವಿರ ವಸ್ತುಗಳು ವ್ಯರ್ಥವಾಗಿದ್ದುವು. ಮಾದರಿಯೊಂದು ಕೈಗೆ ಬಂದ ಮೇಲೆ ಕಟ್ಟಬೇಕಾದುದು ಸುಮಾರು ಅರವತ್ತು ಅಣುಗಳನ್ನು ಮಾತ್ರ.

ಇದರಲ್ಲೊಂದು ವಿನೋದವಿದೆ. 2003ರಲ್ಲಿ ಬಾತ್ ವಿಶ್ವವಿದ್ಯಾಲಯದ ಕೆ. ರವಿ ಆಚಾರ್ಯ, ಆರ್. ನಟೇಶ್ ಮತ್ತು ಕೇಪ್‌ಟೌನಿನ ಸ್ಟರಾಕ್ ಮೊದಲಾದವರು ಪರಿವರ್ತಕ ಕಿಣ್ವದ ಸ್ಫಟಿಕವನ್ನು ಕ್ಷಕಿರಣಗಳಿಂದ ಪರೀಕ್ಷಿಸಿ ಅದರ ನಿಜವಾದ ಆಕಾರವನ್ನು ಕಂಡುಕೊಂಡರು. ಒಳಗೆ ಆಳವಾದ ಕಿರಿದಾದ ಕಾಲುವೆ, ಬಾಯಿಗೆ ಮುಚ್ಚಳದಂಥ ರಚನೆ, ತಳದಲ್ಲಿ ಸತು. ಒಟ್ಟು ಆಕಾರದಲ್ಲಿ ಅದು ಕಾರ್ಬಾಕ್ಸಿಪೆಪ್ಟಿಡೇಸನ್ನು ಹೋಲುತ್ತಲೇ ಇರಲಿಲ್ಲ! ಎಂದರೆ ಕ್ಯಾಪ್ಟೊಪ್ರಿಲ್ ಹುಟ್ಟಿದುದು ತಪ್ಪು ಮಾದರಿಯಿಂದ. ಸತುವಿನ ಸುತ್ತಣ ನಾಲ್ಕಾರು ಪರಮಾಣುಗಳ ಮಟ್ಟಿಗೆ ಮಾದರಿ ಸರಿಯಾಗಿತ್ತು. ಮದ್ದು ಮುಟ್ಟುವುದು ಅಷ್ಟನ್ನೇ ಆದುದರಿಂದ ಕೆಲಸ ಕೆಡಲಿಲ್ಲ. ಮಾದರಿಯನ್ನು ಕುರಿತು ನಮ್ಮ ವಿದ್ಯಾರ್ಥಿಗಳು ‘ಇದು ನಿಜವೇ?’ ಎಂದು ಕೇಳಿದಾಗಲೆಲ್ಲ, ‘ಎಷ್ಟರ ಮಟ್ಟಿಗೆ, ಯಾವ ಭಾಗದಲ್ಲಿ?’ ಎಂದು ಮರುಪ್ರಶ್ನೆ ಹಾಕುವುದನ್ನು ನಾವು ಈ ಕಥೆಯಿಂದಲೇ ಕಲಿತೆವು.

ಕಾಗದದ ಮೇಲೆ ಸೀಸದಕಡ್ಡಿಯಿಂದ ಮಾಡಿದ ಈ ಕೆಲಸವನ್ನೇ ಇಂದು ಗಣಕಯಂತ್ರ ಮಾಡುತ್ತದೆ. ಅದು ಮಾಡುವ ಲೆಕ್ಕವಾದರೂ ಎಂಥದು?

ಗುಡೇಕೋಟೆಯ ಸುತ್ತಣ ಕಲ್ಲುಗುಡ್ಡಗಳನ್ನು ಮಳೆಯ ಮಾರನೆಯ ದಿನ ಹತ್ತಿದವರು ಬಂಡೆಗಳ ಮೇಲಿನ ದೊಣೆಗಳಲ್ಲಿ ನೀರು ನಿಂತಿರುವುದನ್ನು ಕಂಡಿರುತ್ತಾರೆ. ನೀರು ಸದಾ ಇಳಿಜಾರನ್ನು ಹಿಡಿಯುತ್ತದೆ, ತಗ್ಗಿನಲ್ಲಿ ತಂಗುತ್ತದೆ. ಅಣುಗಳೂ ಹಾಗೆಯೇ. ಔಷಧಿಯ ಅಣು ಕಿಣ್ವದ ಬಿಲದಲ್ಲಿ ಎಲ್ಲಿ, ಯಾವ ಭಂಗಿಯಲ್ಲಿ ಕುಳಿತರೆ ಶಕ್ತಿ ಅತ್ಯಂತ ಕಡಮೆಯಾಗುವುದೋ ಅಲ್ಲಿಯೇ ಅದಕ್ಕೆ ನೆಲೆ. ಈ ಶಕ್ತಿಯನ್ನು ಗುಣಿಸಲು ಬೇಕಾದ ನಿಯಮಗಳು ಹೊಸವಲ್ಲ. ಧನ ಋಣ ವಿದ್ಯುತ್ತುಗಳ ಆಕರ್ಷಣೆಗೆ ಕೂಲಂಬ್ ನಿಯಮ. ಪರಮಾಣುಗಳು ತೀರ ಸಮೀಪಿಸಿದರೆ ನೂಕಾಟ, ಸ್ವಲ್ಪ ದೂರದಲ್ಲಿ ಸಣ್ಣ ಸೆಳೆತ. ಬಂಧಗಳು ಬಾಗುವಾಗ ಸುರುಳಿ ಕಂಬಿಯಂಥ ಪ್ರತಿರೋಧ. ಕಷ್ಟವಿರುವುದು ನಿಯಮದಲ್ಲಲ್ಲ, ಸಂಖ್ಯೆಯಲ್ಲಿ. ಹತ್ತು ಕಡೆ ತಿರುಗಬಲ್ಲ ಅಣುವೊಂದಿದ್ದು, ಪ್ರತಿಯೊಂದು ತಿರುವಿಗೂ ಮೂರೇ ನಿಲುವುಗಳೆಂದು ಇಟ್ಟುಕೊಂಡರೂ 59,049 ಭಂಗಿಗಳಾಗುತ್ತವೆ. ಒಂದೊಂದು ಭಂಗಿಯನ್ನೂ ಬಿಲದೊಳಗೆ ಮೂರು ದಿಕ್ಕುಗಳಿಗೆ ಸರಿಸಿ, ಮೂರು ಅಕ್ಷಗಳ ಸುತ್ತ ತಿರುಗಿಸಿ ನೋಡಬೇಕು. ಮನುಷ್ಯನ ಆಯುಷ್ಯ ಸಾಲದು.

ದೊಣೆಯ ಹೋಲಿಕೆಯಲ್ಲಿಯೇ ಇನ್ನೊಂದು ತೊಡಕೂ ಕಾಣುತ್ತದೆ. ಗುಡ್ಡದ ತುದಿಯಿಂದ ಇಳಿದ ನೀರು ಮೊದಲು ಸಿಕ್ಕಿದ ದೊಣೆಯಲ್ಲಿ ನಿಲ್ಲುತ್ತದೆ. ಬುಡದಲ್ಲಿರುವ ಕೆರೆಗೆ ಮುಟ್ಟುವುದಿಲ್ಲ. ಬರಿಯ ಇಳಿಜಾರನ್ನೇ ಹಿಡಿದ ಗಣಕಯಂತ್ರವೂ ಹೀಗೆ ಮೇಲಣ ದೊಣೆಯಲ್ಲಿ ಸಿಕ್ಕಿಕೊಂಡು ‘ಇದೇ ತಳ’ವೆಂದು ಹೇಳಿಬಿಡುತ್ತದೆ. ಅದಕ್ಕಾಗಿ ಲೆಕ್ಕದಲ್ಲಿ ಆಗಾಗ್ಗೆ ಅಣುವನ್ನು ಬೇಕೆಂದೇ ಕುಲುಕುತ್ತಾರೆ. ಕೆಲವೊಮ್ಮೆ ಏರನ್ನು ಹತ್ತಲೂ ಬಿಡುತ್ತಾರೆ. ಜೂಜಿನ ಊರಿನ ಹೆಸರಿಂದ ಇದಕ್ಕೆ ‘ಮಾಂಟೆ ಕಾರ್ಲೊ’ ವಿಧಾನವೆಂದು ಹೆಸರಾಯಿತು.

ಪ್ರೋಟೀನುಗಳ ಮಾದರಿ ಕಟ್ಟುವ ಈ ವಿದ್ಯೆಯಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಹೆಸರನ್ನು ಬಿಡುವಂತಿಲ್ಲ. ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡಗೂಡಿ ಮದರಾಸಿನಲ್ಲಿ 1963ರಲ್ಲಿ ಪ್ರಕಟಿಸಿದ ನಕ್ಷೆ ಇಂದಿಗೂ ಲೋಕದ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಬಳಕೆಯಲ್ಲಿದೆ. ಅವರು ಕೇಳಿಕೊಂಡ ಪ್ರಶ್ನೆ ಅತಿ ಸರಳ: ಪರಮಾಣುಗಳು ಗಟ್ಟಿಯಾದ ಗೋಲಿಗಳಂತಿದ್ದು ಒಂದರೊಳಗೊಂದು ನುಗ್ಗಲಾರವಾದರೆ, ಪ್ರೋಟೀನಿನ ಸರ ಪ್ರತಿಯೊಂದು ಮಣಿಯ ಬಳಿಯಲ್ಲಿಯೂ ಎಷ್ಟೆಷ್ಟು ಕೋನ ತಿರುಗಬಹುದು? ತಿರುಗಲಾಗದ ಕೋನಗಳನ್ನೆಲ್ಲ ಅಳಿಸಿಹಾಕಿದಾಗ ನಕ್ಷೆಯ ಬಹುಭಾಗ ಬರಿದಾಯಿತು; ನಿಜವಾದ ಪ್ರೋಟೀನುಗಳು ಉಳಿದ ಕೆಲವೇ ದ್ವೀಪಗಳಲ್ಲಿ ವಾಸಿಸುವುದು ಗೋಚರವಾಯಿತು. ಅನಂತರ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1971ರಲ್ಲಿ ಅಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಅದೇ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ವೆಂಬ ಮಹಾಗಣಕ ಕೆಲಸಕ್ಕಿಳಿಯಿತು, ಸೆಕೆಂಡಿಗೆ 3.3 ಪೆಟಾಫ್ಲಾಪ್, ಎಂದರೆ 33ರ ಮುಂದೆ ಹದಿನಾಲ್ಕು ಸೊನ್ನೆಗಳಷ್ಟು ಗಣನೆ ಅದರ ಸಾಮರ್ಥ್ಯ. ಇಷ್ಟೊಂದು ವೇಗವೇಕೆಂದು ಕೇಳುವವರುಂಟು. ಅಣುಗಳ ನಡುಕವನ್ನು ಹಿಂಬಾಲಿಸಬೇಕಾದರೆ ಸೆಕೆಂಡಿನ ಐನೂರು ಲಕ್ಷಕೋಟಿಯಲ್ಲೊಂದು ಪಾಲಿನ ಹೆಜ್ಜೆಗಳನ್ನಿಡಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಚಲನೆಯನ್ನು ತೋರಿಸಲು ಅಂಥ 50 ಕೋಟಿ ಹೆಜ್ಜೆಗಳಾಗುತ್ತವೆ; ಹೆಜ್ಜೆಹೆಜ್ಜೆಗೂ ಲಕ್ಷಾಂತರ ಪರಮಾಣುಗಳ ಸೆಳೆತ ನೂಕಾಟಗಳನ್ನು ಹೊಸದಾಗಿ ಗುಣಿಸಬೇಕು.

ಗುಡೇಕೋಟೆಯಿಂದ ಹಿಂದಿರುಗಿದ ಮೇಲೆ ನಮ್ಮ ವಿದ್ಯಾರ್ಥಿಗೆ ಈ ಲೆಕ್ಕವನ್ನು ತಾನೇ ಮಾಡಿ ನೋಡಬೇಕೆಂಬ ಹಟ ಹುಟ್ಟಿತು. ಆಟೊಡಾಕ್ ವೀನಾ ಎಂಬ ಕ್ರಮವಿಧಿ ಉಚಿತವಾಗಿ ದೊರೆಯುತ್ತದೆ. ಕಿಣ್ವದ ಪರಮಾಣುಗಳ ಸ್ಥಾನಗಳೂ ಸಾರ್ವಜನಿಕ ಭಂಡಾರದಲ್ಲಿ ಯಾರಿಗಾದರೂ ಸಿಗುತ್ತವೆ. ಕಾಲೇಜಿನ ಸಾಧಾರಣ ಯಂತ್ರದ ಮೇಲೆ ಅವನು ಕ್ಯಾಪ್ಟೊಪ್ರಿಲ್ಲನ್ನೂ, ನುಗ್ಗೆಸೊಪ್ಪಿನಲ್ಲಿರುವ ಕ್ವೆರ್ಸೆಟಿನ್ ಎಂಬ ವಸ್ತುವನ್ನೂ ಒಂದೇ ಬಿಲದಲ್ಲಿ ಕೂರಿಸಿ ನೋಡಿದನು. ಮಾರನೆಯ ದಿನ ಓಡಿಬಂದು, “ಸಾರ್, ನುಗ್ಗೆಸೊಪ್ಪಿಗೇ ಹೆಚ್ಚು ಅಂಕ ಬಂದಿದೆ. ಅಜ್ಜ ಮಾಡಿದ್ದೇ ಸರಿ!” ಎಂದನು.

ನಮಗೆ ಒಂದು ಕ್ಷಣ ದಿಗಿಲಾಯಿತು. ಇಬ್ಬರೂ ಕುಳಿತು ಕಾರಣವನ್ನು ಹುಡುಕಿದೆವು. ಕ್ಯಾಪ್ಟೊಪ್ರಿಲ್ ಅಣುವಿನಲ್ಲಿ ಜಲಜನಕವನ್ನು ಬಿಟ್ಟರೆ 14 ಪರಮಾಣುಗಳು, ಕ್ವೆರ್ಸೆಟಿನ್ನಿನಲ್ಲಿ 22. ಇಂಥ ಕ್ರಮವಿಧಿಗಳು ಪರಮಾಣು ಪರಮಾಣುಗಳ ನಡುವಣ ಸಣ್ಣ ಸೆಳೆತಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗುತ್ತವೆ. ಆದುದರಿಂದ ದೊಡ್ಡ ಅಣುವಿಗೆ ದೊಡ್ಡತನಕ್ಕಾಗಿಯೇ ಹೆಚ್ಚು ಅಂಕ. ಇನ್ನೊಂದು ಕಡೆ, ಕ್ಯಾಪ್ಟೊಪ್ರಿಲ್ಲಿನ ಬಲವೆಲ್ಲ ಇರುವುದು ಗಂಧಕ ಸತುವನ್ನು ಹಿಡಿಯುವ ಆ ಒಂದು ಹಿಡಿತದಲ್ಲಿ. ಲೋಹದ ಈ ಹಿಡಿತವನ್ನು ಸರಳವಾದ ಕ್ರಮವಿಧಿ ಸರಿಯಾಗಿ ತೂಗಲಾರದು. ಪ್ರಯೋಗಶಾಲೆಯಲ್ಲಿ ಅಳೆದಾಗ ಕ್ಯಾಪ್ಟೊಪ್ರಿಲ್ ಕ್ವೆರ್ಸೆಟಿನ್ನಿಗಿಂತ ನೂರಾರು ಪಟ್ಟು ಬಲಿಷ್ಠವೆಂಬುದು ಬಹುಕಾಲದಿಂದ ತಿಳಿದ ಸಂಗತಿ. ನುಗ್ಗೆ ಒಳ್ಳೆಯ ಸೊಪ್ಪು. ಸಾರಿಗೆ ಹಾಕಿಕೊಂಡು ಉಣ್ಣಬಹುದು. ಅದಕ್ಕೂ ಗುಳಿಗೆಗೂ ಪಂಥ ಕಟ್ಟಿದ ತಪ್ಪು ನಮ್ಮದು, ಯಂತ್ರದ್ದಲ್ಲ.

ಹೀಗೆ ಹೇಳುವುದಕ್ಕೆ ಕಾರಣವಿದೆ. ಇಂಥ ಒಂದು ಸಂಜೆಯ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು, ಇಂಥ ಎಲೆಯಲ್ಲಿ ರಕ್ತದೊತ್ತಡಕ್ಕೆ ಮದ್ದು ಸಿಕ್ಕಿತೆಂದು ಸಾರುವ ಲೇಖನಗಳು ಈಗ ಧಾರಾಳವಾಗಿ ಹೊರಡುತ್ತಿವೆ. ಅವು ಎಷ್ಟು ಸೂಕ್ಷ್ಮವಾದ ತಕ್ಕಡಿಯನ್ನು ಎಷ್ಟು ಒರಟಾಗಿ ಹಿಡಿದಿವೆಯೆಂಬುದನ್ನು ಒಂದು ಅಂಕಿಯಿಂದ ತೋರಿಸಬಹುದು. ದೇಹದ ಉಷ್ಣತೆಯಲ್ಲಿ, ಹಿಡಿತದ ಶಕ್ತಿ ಮೋಲಿಗೆ ಕೇವಲ 1.4 ಕಿಲೊಕ್ಯಾಲೊರಿ ಬದಲಾದರೆ ಔಷಧಿಯ ಬಲ ಹತ್ತು ಪಟ್ಟು ಬದಲಾಗುತ್ತದೆ. ಶೀಘ್ರ ಲೆಕ್ಕದ ಕ್ರಮವಿಧಿಗಳಲ್ಲಿ ಬರುವ ತಪ್ಪೇ ಸುಮಾರು 2 ಕಿಲೊಕ್ಯಾಲೊರಿಯಷ್ಟಿರುತ್ತದೆ. ಮಣವನ್ನು ತೂಗುವ ತಕ್ಕಡಿಯಲ್ಲಿ ಗುಲಗಂಜಿಯನ್ನು ತೂಗಿದಂತೆ! ಹಾಗೆಂದು ತಕ್ಕಡಿಯನ್ನು ಎಸೆಯಬೇಕಾಗಿಲ್ಲ. ಹತ್ತು ಲಕ್ಷ ಅಣುಗಳಲ್ಲಿ ಬಿಲಕ್ಕೆ ಹಿಡಿಸಲಾರದವೆಷ್ಟೋ ಅವನ್ನೆಲ್ಲ ಬದಿಗೊತ್ತಿ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಕೆಲವು ನೂರನ್ನು ಆರಿಸಿಕೊಡುವಷ್ಟಕ್ಕೆ ಅದು ಸಾಕು. ಯಂತ್ರದಿಂದ ‘ಅಲ್ಲ’ವೆಂಬ ಮಾತನ್ನು ಕೇಳಬೇಕು, ‘ಹೌದೆ’ಂಬ ಮಾತನ್ನು ಪರೀಕ್ಷಿಸಿ ನೋಡಬೇಕು.

ಕೆಮ್ಮಿನ ವಿಷಯಕ್ಕೆ ಮರಳೋಣ. ಕತ್ತರಿಯ ಬಾಯನ್ನು ಕಟ್ಟಿದರೆ ಗಂಟಲಿಗೆ ತೊಂದರೆಯಾದರೆ, ಕತ್ತರಿಯನ್ನು ಅದರ ಪಾಡಿಗೆ ಬಿಟ್ಟು, ಆಂಜಿಯೊಟೆನ್ಸಿನ್-2 ಹೋಗಿ ಕೂರುವ ಸ್ಥಳವನ್ನೇ ಮೊದಲೇ ಆಕ್ರಮಿಸಿದರಾಗದೆ? ರಕ್ತನಾಳದ ಜೀವಕೋಶಗಳ ಹೊರಗೋಡೆಯಲ್ಲಿ ಅದಕ್ಕೆಂದೇ ಗ್ರಾಹಕವೆಂಬ ಪ್ರೋಟೀನಿದೆ. ಜಪಾನಿನ ತಕೇಡಾ ಸಂಸ್ಥೆ 1982ರ ಸುಮಾರಿಗೆ ಪಡೆದ ಪೇಟೆಂಟುಗಳಲ್ಲಿ ಈ ಸ್ಥಳಕ್ಕೆ ಬಹಳ ದುರ್ಬಲವಾಗಿ ಅಂಟುವ ಒಂದೆರಡು ಅಣುಗಳ ವರ್ಣನೆಯಿತ್ತು. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ರಸಾಯನಜ್ಞರು ಅದನ್ನೋದಿದರು. ಗ್ರಾಹಕದ ಆಕಾರ ಅವರಿಗೂ ತಿಳಿದಿರಲಿಲ್ಲ. ಅದು ತಿಳಿದುದು 2015ರಲ್ಲಿ. ಬೀಗ ಕಾಣದಿದ್ದರೂ ಹಳೆಯ ಬೀಗದಕೈ ಕೈಯಲ್ಲಿತ್ತಲ್ಲ! ಎಂಟು ಮಣಿಗಳ ಆಂಜಿಯೊಟೆನ್ಸಿನ್-2ರ ಆಕಾರವನ್ನು ಗಣಕಯಂತ್ರದ ತೆರೆಯ ಮೇಲೆ ಬಿಡಿಸಿ, ತಕೇಡಾ ಅಣುವಿನ ಚಿತ್ರವನ್ನು ಅದರ ಮೇಲೆ ಹೊದಿಸಿದರು. ಇದರ ಆಮ್ಲದ ತುದಿ ಅದರ ಆಮ್ಲದ ತುದಿಯ ಮೇಲೆ. ಇದರ ಇಮಿಡಜೋಲ್ ಉಂಗುರ ಅದರ ಆರನೆಯ ಮಣಿಯಾದ ಹಿಸ್ಟಿಡೀನಿನ ಉಂಗುರದ ಮೇಲೆ. ಇದರ ಎಣ್ಣೆಗುಣದ ಬಾಲ ಐದನೆಯ ಮಣಿಯಾದ ಐಸೊಲ್ಯೂಸೀನಿನ ಮೇಲೆ. ಹೊಂದಿಸಿ ನೋಡಿದಾಗ ಚಿಕ್ಕ ಅಣು ದೊಡ್ಡ ಸರದ ಒಂದು ಮೂಲೆಯನ್ನು ಮಾತ್ರ ಮುಚ್ಚಿತ್ತು. ಅದರ ಇನ್ನೊಂದು ಉಂಗುರ ಸರದ ಉಳಿದ ಭಾಗದ ಕಡೆಗೆ ಬೆರಳು ತೋರಿಸಿದಂತೆ ಚಾಚಿತ್ತು. ಆ ದಿಕ್ಕಿಗೆ ಅಣುವನ್ನು ಬೆಳಸಿರೆಂಬುದೇ ಚಿತ್ರದ ಸೂಚನೆ. ಅಲ್ಲೊಂದು ಆಮ್ಲದ ಗುಂಪನ್ನಿಟ್ಟೊಡನೆಯೆ ಬಲ ಹತ್ತು ಪಟ್ಟಾಯಿತು. ಅನಂತರದ ಬದಲಾವಣೆಗಳನ್ನು ರಸಾಯನಶಾಲೆಯಲ್ಲಿ, ಇಲಿಗಳಲ್ಲಿ ಒರೆಗೆ ಹಚ್ಚುತ್ತ ಹೋಗಿ 1986ರಲ್ಲಿ ಪಡೆದ ಅಣುವೇ ಲೊಸಾರ್ಟನ್. 1995ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬ್ರ್ಯಾಡಿಕೈನಿನ್ನನ್ನು ಅದು ಮುಟ್ಟುವುದಿಲ್ಲವಾದುದರಿಂದ ಆ ಒಣಕೆಮ್ಮು ಇಲ್ಲ. ಆದರೆ ಗರ್ಭಿಣಿಯರು ಈ ಎರಡು ವರ್ಗಗಳ ಔಷಧಿಗಳನ್ನೂ ಸೇವಿಸಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಒಂದೇ ಬೀಗಕ್ಕೆ ಹಿಡಿಸಿ ಉಳಿದವಕ್ಕೆ ಹಿಡಿಸದಿರುವುದು ಎಷ್ಟು ಕಠಿಣವೆಂಬುದಕ್ಕೆ ನಮ್ಮ ಕಾಡಿನ ಸರ್ಪಗಂಧವೇ ಸಾಕ್ಷಿ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದರ ಗುಣವನ್ನು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನವನ್ನು ಸೆಳೆದರು. 1952ರಲ್ಲಿ ಅದರ ಬೇರಿನಿಂದ ರೆಸರ್ಪೀನ್ ಬೇರ್ಪಟ್ಟಿತು. ಒತ್ತಡವನ್ನು ಇಳಿಸುವುದರಲ್ಲಿ ಅದು ಗಟ್ಟಿಗ. ಆದರೆ ಮಿದುಳಿನಲ್ಲಿಯೂ ಕೈಯಾಡಿಸಿ ಕೆಲವರನ್ನು ಮಂಕುಬಡಿದವರನ್ನಾಗಿ ಮಾಡಿತು. ಹೊಸ ಮದ್ದುಗಳು ಬಂದಂತೆ ಅದು ಹಿಂದೆ ಸರಿಯಿತು.

ಬೀಗಕ್ಕೆ ಸರಿಯಾಗಿ ಹಿಡಿಸಿದರೂ ಕೆಲಸ ಕೆಡಬಹುದು. ಸರಪಳಿಯ ಮೊದಲ ಕೊಂಡಿಯಾದ ರೆನಿನ್ನನ್ನೇ ತಡೆಯುವ ಯತ್ನ ಬಹುಕಾಲ ನಡೆಯಿತು. 1983ರಲ್ಲಿ ಬ್ಲಂಡೆಲ್ ಮತ್ತು ಅವರ ಸಂಗಡಿಗರು ಬೂಷ್ಟಿನ ಕಿಣ್ವಗಳ ಹೋಲಿಕೆಯಿಂದ ರೆನಿನ್ನಿನ ಮಾದರಿಯನ್ನು ಗಣಕಯಂತ್ರದಲ್ಲಿ ಕಟ್ಟಿದರು. ಮುಂದೆ ಇಂಥ ಮಾದರಿ ಮತ್ತು ಸ್ಫಟಿಕಗಳ ಆಧಾರದ ಮೇಲೆ ರೂಪುಗೊಂಡ ಅಲಿಸ್ಕಿರೆನ್ 2007ರಲ್ಲಿ ಬಳಕೆಗೆ ಬಂತು. ಬಿಲಕ್ಕೆ ಹೇಳಿ ಮಾಡಿಸಿದಂಥ ಅಣು. ಆದರೆ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಅದಿರಲಿ, ಹಳೆಯ ಗುಳಿಗೆಗಳ ಜತೆಗೆ ಇದನ್ನೂ ಕೊಟ್ಟರೆ ಸಿಹಿಮೂತ್ರದ ರೋಗಿಗಳಿಗೆ ಇನ್ನಷ್ಟು ಒಳ್ಳೆಯದಾಗುವುದೆಂದು ಎಂಟು ಸಾವಿರಕ್ಕೂ ಮಿಕ್ಕ ಜನರಲ್ಲಿ ನಡೆಸಿದ ಪರೀಕ್ಷೆಯನ್ನು 2011ರ ಡಿಸೆಂಬರಿನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಿದುವು. ಕಿಣ್ವದ ಬಿಲವನ್ನು ಮಾತ್ರ ಬಲ್ಲ ಮಾದರಿಗೆ ಮೂತ್ರಪಿಂಡದ ಕಷ್ಟ ತಿಳಿಯುವುದೆಂತು?

ಮುದುಕರ ಪ್ರಶ್ನೆಗೆ ಉಳಿದರ್ಧ ಉತ್ತರ ಇನ್ನೂ ಪ್ರಯೋಗಶಾಲೆಯಲ್ಲಿಯೇ ಇದೆ. ಪರಿವರ್ತಕ ಕಿಣ್ವದಲ್ಲಿ ಒಂದೇ ಪ್ರೋಟೀನಿನೊಳಗೆ ಎರಡು ಬಿಲಗಳಿವೆ. ಎರಡರಲ್ಲಿಯೂ ಒಂದೊಂದು ಸತು. ಬ್ರ್ಯಾಡಿಕೈನಿನ್ನನ್ನು ಎರಡೂ ಕತ್ತರಿಸಬಲ್ಲವು. ಆದರೆ ಆಂಜಿಯೊಟೆನ್ಸಿನ್-2ನ್ನು ಉಂಟುಮಾಡುವ ಕೆಲಸ ಮುಖ್ಯವಾಗಿ ಎರಡನೆಯ ಬಿಲದ್ದು. ಆ ಒಂದನ್ನು ಮಾತ್ರ ಮುಚ್ಚಿ ಮತ್ತೊಂದನ್ನು ತೆರೆದಿಟ್ಟರೆ, ಒತ್ತಡ ಇಳಿಯಬೇಕು, ಗಂಟಲಿನ ಕಸವೂ ಗುಡಿಸಿಹೋಗಬೇಕು. 2003ರಲ್ಲಿ ಕಂಡುದು ಎರಡನೆಯ ಬಿಲದ ಆಕಾರ. ಮೊದಲನೆಯದು 2006ರಲ್ಲಿ ತಿಳಿಯಿತು. ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಬಹುಪಾಲು ಒಂದೇ ಅಚ್ಚು; ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಮಣಿ ಮಾತ್ರ ಬೇರೆ. ಒಂದರಲ್ಲಿ ನೀರಿಗೆ ಒಲಿಯುವ ಮಣಿಯಿರುವೆಡೆ ಇನ್ನೊಂದರಲ್ಲಿ ಎಣ್ಣೆಗುಣದ ಮಣಿಯಿದೆ. ಆ ಎಣ್ಣೆಗುಣದ ಮೂಲೆಗೆ ತಗುಲುವಂತೆ, ಲಿಸಿನೊಪ್ರಿಲ್ ಎಂಬ ಬಳಕೆಯ ಔಷಧಿಯ ತುದಿಯಲ್ಲಿ ಟ್ರಿಪ್ಟೊಫ್ಯಾನ್ ಎಂಬ ದಪ್ಪ ಮಣಿಯನ್ನು ಕೂಡಿಸಿದ ಅಣುಗಳು ಕೇಪ್‌ಟೌನ್ ಮತ್ತು ಬಾತ್‌ಗಳಲ್ಲಿ ಸಿದ್ಧವಾಗಿವೆ. ಇವು ಎರಡನೆಯ ಬಿಲವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಮದ್ದಿನಂಗಡಿಗೆ ಇಂಥದು ಇನ್ನೂ ಬಂದಿಲ್ಲ.

ಇದನ್ನೆಲ್ಲ ನಾವು ಮಂಚದ ಪಕ್ಕದಲ್ಲಿ ಕುಳಿತು, ಮನೆಯ ಕತ್ತರಿಯನ್ನೂ ಹುಣಿಸೆಬೀಜದ ಸರವನ್ನೂ ಹಿಡಿದು ವಿವರಿಸಿದೆವು. ಮುದುಕರು ಎಲ್ಲವನ್ನೂ ಕೇಳಿ, “ಹಂಗಾದ್ರ ಕೆಮ್ಮು ಬಂದಾಗ ಡಾಕ್ಟರಿಗೆ ಹೇಳಿದ್ರ ಬ್ಯಾರೆ ಗುಳಿಗಿ ಕೊಡ್ತಿದ್ರೇನು?” ಎಂದರು. ಕೊಡುತ್ತಿದ್ದರೆಂದು ನಾವು ಹೇಳಲೇಬೇಕಾಯಿತು. ಅವರು ಸ್ವಲ್ಪ ಹೊತ್ತು ಕತ್ತರಿಯನ್ನೇ ನೋಡುತ್ತಿದ್ದರು.

ಈಗ ಅವರಿಗೆ ಲೊಸಾರ್ಟನ್ ನಡೆಯುತ್ತಿದೆ. ಎಡಗೈಯಿಂದಲೇ ಚೊಂಬೆತ್ತಿ ಕುಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಕೆಮ್ಮಿಲ್ಲ. ಕಳೆದ ತಿಂಗಳು ಮೊಮ್ಮಗ ಬರೆದು ತಂದ ಚೀಟಿಯಲ್ಲಿ 138/84 ಎಂದಿತ್ತು. ಅದರ ಹಿಂಬದಿಯಲ್ಲಿ ಲೊಸಾರ್ಟನ್ನನ್ನು ಪರಿವರ್ತಕ ಕಿಣ್ವದ ಎರಡು ಬಿಲಗಳಲ್ಲಿಯೂ ಕೂರಿಸಿದಾಗ ಬಂದ ಅಂಕಗಳು, ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಪ್ರಶ್ನಾರ್ಥಕ ಚಿಹ್ನೆ.